ದಿನ ತುಂಬದ ಕೂಸು: ಲೆಕ್ಕ, ಉಷ್ಣ, ಉಸಿರು — ಒಂದು ಪಾಠ



ನಮ್ಮ ವಲಾಂಡಿ, ಉದಗೀರ, ನಿಲಂಗಾ ಕಡೆ ಹಿರಿಯರ ಬಾಯಲ್ಲಿ ಒಂದು ಮಾತು ನೀವೂ ಕೇಳಿರ್ತೀರಿ: “ಏಳರಾಗ ಹುಟ್ಟಿದ ಕೂಸು ಉಳಿತದ, ಎಂಟರಾಗ ಹುಟ್ಟಿದ್ದು ಉಳಿಯಂಗಿಲ್ಲ.” ಇದು ನಮ್ಮ ಊರಿನದಷ್ಟೇ ಅಲ್ಲ. ಪ್ರಾಚೀನ ಗ್ರೀಸಿನಲ್ಲೂ ಇದೇ ನಂಬಿಕೆ ಇತ್ತು. ಹಿಪೋಕ್ರೆಟಿಸನ ಹೆಸರಿನಲ್ಲಿ ಬಂದ ವೈದ್ಯ ಬರಹಗಳಲ್ಲಿ ಎಂಟನೇ ತಿಂಗಳ ಶಿಶುವಿನ ಬಗ್ಗೆಯೇ ಒಂದು ಬರಹವಿದೆ. ಎರಡು ಸಾವಿರ ವರ್ಷಕ್ಕೂ ಹೆಚ್ಚು ಬಾಳಿದ ಮಾತು ಇದು. ಆದರೆ ನಿಜವಲ್ಲ. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಕೂಸಿಗೆ ಲಾಭವೇ. ಎಂಟು ತಿಂಗಳ ಕೂಸು ಬದುಕುವ ಸಾಧ್ಯತೆ ಏಳು ತಿಂಗಳ ಕೂಸಿಗಿಂತ ಹೆಚ್ಚು.

ಹಾಗಾದರೆ ಈ ಮಾತು ಉಳಿದದ್ದು ಹೇಗೆ? ಏಳರಲ್ಲಿ ಹುಟ್ಟಿ ಬದುಕಿದ್ದು ಆಶ್ಚರ್ಯದ ಸಂಗತಿ, ಊರೆಲ್ಲ ನೆನಪಿಡುತ್ತದೆ. ಬದುಕದೇ ಹೋದವುಗಳನ್ನು ಯಾರೂ ಎಣಿಸುವುದಿಲ್ಲ. ಅದರ ಮೇಲೆ ತಿಂಗಳ ಲೆಕ್ಕವೂ ಎಷ್ಟೋ ಸಲ ತಪ್ಪಿರುತ್ತದೆ. ಆದರೆ ಈ ಮಾತಿನ ಹಾನಿ ದೊಡ್ಡದು. “ಎಂಟರದು, ಹೆಂಗೂ ಉಳಿಯಂಗಿಲ್ಲ” ಎಂದು ಮನೆಯವರು ಕೈಬಿಟ್ಟರೆ, ಸುಲಭವಾಗಿ ಉಳಿಯಬಹುದಾಗಿದ್ದ ಕೂಸು ಹೋಗುತ್ತದೆ. ಅದಕ್ಕಾಗಿಯೇ ಈ ವಿಷಯ ಆಸ್ಪತ್ರೆಗೆ ಮಾತ್ರ ಬಿಟ್ಟದ್ದಲ್ಲ, ನಮ್ಮ ವರ್ಗಕೋಣೆಗೂ ಬರಬೇಕು ಅಂತ ಈ ಲೇಖನ. ಇಯತ್ತೆ ಹತ್ತನೆಯ ವಿಜ್ಞಾನ ಭಾಗ 2ರಲ್ಲಿ ಪ್ರಜನನದ ಪಾಠವಿದೆ. ಅದಕ್ಕೆ ಜೋಡಿಸಿ ಎರಡು ತಾಸಿನಲ್ಲಿ ಕಲಿಸಬಹುದು.

ಒಂದು ಸೂಚನೆ ಮೊದಲೇ ಹೇಳುತ್ತೇನೆ. ನಿಮ್ಮ ವರ್ಗದಲ್ಲಿ ದಿನ ತುಂಬದೆ ಹುಟ್ಟಿದ ಮಕ್ಕಳು ಇರ್ತಾರೆ, ತಮ್ಮನನ್ನೋ ತಂಗಿಯನ್ನೋ ಕಳಕೊಂಡವರೂ ಇರಬಹುದು. “ಯಾರ ಮನ್ಯಾಗ ಹಿಂಗ ಆಗ್ಯದ, ಕೈ ಎತ್ರಿ” ಅಂತ ಕೇಳಬೇಡಿ. ತಾವಾಗಿ ಹೇಳಿದರೆ ಸಮಾಧಾನದಿಂದ ಕೇಳಿ, ಅಷ್ಟು ಸಾಕು.

1. ಎಷ್ಟು ದೊಡ್ಡ ಪ್ರಶ್ನೆ?

ಗರ್ಭಕಾಲ ಸುಮಾರು 40 ವಾರ. 37 ವಾರ ಪೂರ್ತಿಯಾಗುವ ಮೊದಲೇ ಆದ ಜನನಕ್ಕೆ ಅವಧಿಪೂರ್ವ ಜನನ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಮರಾಠಿಯಲ್ಲಿ “ಅಪುರ್‍ಯಾ ದಿವಸಾಂಚೆ ಬಾಳ” ಅಂತ ಕೇಳಿದ್ದು ಇದೇ. ಇದರಲ್ಲಿ ಮೂರು ಮೆಟ್ಟಿಲು:

– 32ರಿಂದ 37 ವಾರದೊಳಗೆ: ಮಧ್ಯಮ ಮತ್ತು ತಡ ಅವಧಿಪೂರ್ವ. ಹೆಚ್ಚಿನ ಮಕ್ಕಳು ಈ ಗುಂಪಿನವರೇ.
– 28ರಿಂದ 32 ವಾರದೊಳಗೆ: ಬಹಳ ಮುಂಚೆ.
– 28 ವಾರಕ್ಕಿಂತ ಮೊದಲು: ಅತಿ ಮುಂಚೆ.

2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಮಕ್ಕಳು ಹೀಗೆ ಹುಟ್ಟಿದರು ಎಂದು ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ಸಂಶೋಧಕರ ಅಂದಾಜು. ಅಂದರೆ ಹತ್ತರಲ್ಲಿ ಒಂದು. ಅದರಲ್ಲಿ ಸುಮಾರು 30 ಲಕ್ಷ ನಮ್ಮ ಭಾರತದಲ್ಲೇ, ಅಂದರೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು. ನಮ್ಮ ದೇಶದಲ್ಲಿ 100 ಜನನಕ್ಕೆ ಸುಮಾರು 13 ಅವಧಿಪೂರ್ವ. ಐದು ವರ್ಷದೊಳಗಿನ ಮಕ್ಕಳ ಸಾವಿಗೆ ಇಂದು ಜಗತ್ತಿನಲ್ಲಿ ಮೊದಲ ಕಾರಣ ಇದೇ. 2019ರಲ್ಲಿ ಸುಮಾರು 9 ಲಕ್ಷ ಮಕ್ಕಳು ಇದರ ತೊಡಕುಗಳಿಂದ ತೀರಿಕೊಂಡರು.

ಈಗ ವಿದ್ಯಾರ್ಥಿಗಳ ಮುಂದೆ ಇಡಬೇಕಾದ ಅಂಕಿ ಇದು. 28 ವಾರಕ್ಕಿಂತ ಮೊದಲು ಹುಟ್ಟಿದ ಹತ್ತು ಮಕ್ಕಳಲ್ಲಿ ಒಂಬತ್ತಕ್ಕೂ ಹೆಚ್ಚು ಶ್ರೀಮಂತ ದೇಶಗಳಲ್ಲಿ ಬದುಕುತ್ತವೆ. ಬಡ ದೇಶಗಳಲ್ಲಿ ಬದುಕುವುದು ಹತ್ತರಲ್ಲಿ ಒಂದೇ. ಕೂಸು ಒಂದೇ, ವಾರವೂ ಒಂದೇ. ಹುಟ್ಟಿದ ಜಾಗ ಬೇರೆ, ಅಷ್ಟೇ. ಸಾವು ಬರುವುದು ಬರೀ “ಹಣೆಬರಹ”ದಿಂದ ಆಗಿದ್ದರೆ ಈ ಅಂತರ ಇರುತ್ತಿರಲಿಲ್ಲ, ಅಲ್ಲೇನು?

2. ಚಟುವಟಿಕೆ ಒಂದು: ದಿನದ ಲೆಕ್ಕ

“ಒಂಬತ್ತು ತಿಂಗಳು ಒಂಬತ್ತು ದಿನ” ಅಂತೀವಲ್ಲ, ಅದನ್ನು ಹಲಗೆಯ ಮೇಲೆ ಬಿಡಿಸಿ. 9 × 30 = 270, ಅದಕ್ಕೆ 9 ಕೂಡಿಸಿದರೆ 279 ದಿನ. ವೈದ್ಯರ ಲೆಕ್ಕ 280 ದಿನ, ಅಂದರೆ 40 ವಾರ. ನಮ್ಮ ಅಜ್ಜಿಯರ ಲೆಕ್ಕಕ್ಕೂ ವೈದ್ಯರ ಲೆಕ್ಕಕ್ಕೂ ಒಂದೇ ದಿನದ ವ್ಯತ್ಯಾಸ! ಹಳೆಯ ಮಾತೆಲ್ಲ ಸುಳ್ಳು ಅಂತ ಅಲ್ಲ, ಪರೀಕ್ಷಿಸಿ ನೋಡಬೇಕು ಅಂತ ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲಿಕ್ಕಿಲ್ಲ.

ಎಣಿಕೆ ಶುರುವಾಗುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಸುಲಭ ಸೂತ್ರ: ಆ ತಾರೀಕಿಗೆ 7 ದಿನ ಕೂಡಿಸಿ, ಮೂರು ತಿಂಗಳು ಹಿಂದಕ್ಕೆ ಹೋಗಿ. ಕೊನೆಯ ಮುಟ್ಟು ಆಗಸ್ಟ್ 5 ಆಗಿದ್ದರೆ, 7 ಕೂಡಿಸಿದಾಗ ಆಗಸ್ಟ್ 12, ಮೂರು ತಿಂಗಳು ಹಿಂದೆ ಮೇ 12. ಮುಂದಿನ ವರ್ಷದ ಮೇ 12 ಹೆರಿಗೆಯ ಅಂದಾಜು ದಿನ. ಅದರಿಂದ ಮೂರು ವಾರ ಹಿಂದೆ, ಏಪ್ರಿಲ್ 21ಕ್ಕೆ 37 ವಾರ ತುಂಬುತ್ತದೆ. ಅದಕ್ಕಿಂತ ಮೊದಲು ಹೆರಿಗೆ ಆದರೆ ದಿನ ತುಂಬಿಲ್ಲ. ಮಕ್ಕಳಿಂದ ಕ್ಯಾಲೆಂಡರ್ ಹಿಡಿದು ಒಂದೊಂದೇ ದಿನ ಎಣಿಸಿ ತಾಳೆ ನೋಡಿಸಿ.

ಇಲ್ಲಿ ತಾರೀಕಿನ ಮಹತ್ವ ಹೇಳಿ. “ಎಳ್ಳಮಾಸಿ ಆದಮ್ಯಾಗ ಒಂದೆರಡು ವಾರಕ್ಕ” ಎಂಬ ನೆನಪಿನಿಂದ ಹದಿನೈದು ದಿನ ಆಚೀಚೆ ಆಗುತ್ತದೆ. ಹದಿನೈದು ದಿನ ಅಂದರೆ 33 ವಾರದ ಕೂಸೋ 35 ವಾರದ ಕೂಸೋ ಗೊತ್ತಾಗುವುದಿಲ್ಲ. ಚಿಕಿತ್ಸೆ ಅದರ ಮೇಲೆ ನಿಂತಿರುತ್ತದೆ. ಮೊದಲ ಮೂರು ತಿಂಗಳೊಳಗೆ ಹೆಸರು ನೋಂದಾಯಿಸಿ, ಸೋನೋಗ್ರಾಫಿ ಮಾಡಿಸಿದರೆ ದಿನ ಸರಿಯಾಗಿ ಸಿಗುತ್ತದೆ. ತಡವಾದಷ್ಟು ಅಂದಾಜು ಸಡಿಲ.

3. ಚಟುವಟಿಕೆ ಎರಡು: ಸಣ್ಣ ಕೂಸು ಬೇಗ ಯಾಕೆ ತಣ್ಣಗಾಗುತ್ತದೆ?

ಬೇಕಾದದ್ದು: ಒಂದು ದೊಡ್ಡ ಆಲೂಗಡ್ಡೆ, ಒಂದು ಸಣ್ಣ ಆಲೂಗಡ್ಡೆ, ಎರಡು ಪ್ರಯೋಗಶಾಲೆ ಥರ್ಮಾಮೀಟರು. ಎರಡನ್ನೂ ಒಂದೇ ಪಾತ್ರೆಯಲ್ಲಿ ಕುದಿಸಿ ತೆಗೆದು, ನಡುವೆ ತೂತು ಮಾಡಿ ಥರ್ಮಾಮೀಟರು ಇಡಿ. ಪ್ರತಿ 3 ನಿಮಿಷಕ್ಕೊಮ್ಮೆ ಉಷ್ಣತೆ ಬರೆದು ನಕ್ಷೆ ತೆಗೆಸಿ. ಸಣ್ಣದು ಬೇಗ ತಣ್ಣಗಾಗುತ್ತದೆ.

ಕಾರಣ ಗಣಿತದಲ್ಲಿದೆ. 1 ಸೆಂ.ಮೀ. ಬದಿಯ ಘನದ ಮೇಲ್ಮೈ 6, ಗಾತ್ರ 1, ಪ್ರಮಾಣ 6. 2 ಸೆಂ.ಮೀ. ಬದಿಯ ಘನದ ಮೇಲ್ಮೈ 24, ಗಾತ್ರ 8, ಪ್ರಮಾಣ 3. ಗಾತ್ರ ಕಡಿಮೆಯಾದಷ್ಟು, ಉಷ್ಣ ಹೊರಹೋಗುವ ಮೇಲ್ಮೈ ಹೋಲಿಕೆಯಲ್ಲಿ ಹೆಚ್ಚು. ಆಕಾರ ಒಂದೇ ಎಂದು ಹಿಡಿದರೆ, 3 ಕೆ.ಜಿ. ಕೂಸಿಗಿಂತ 1 ಕೆ.ಜಿ. ಕೂಸಿಗೆ ಪ್ರತಿ ಕಿಲೋ ತೂಕಕ್ಕೆ ಚರ್ಮ ಸುಮಾರು ಒಂದೂವರೆ ಪಟ್ಟು. ಅದರ ಮೇಲೆ ಚರ್ಮ ತೆಳು, ಒಳಗೆ ಕೊಬ್ಬು ಕಡಿಮೆ, ನಡುಗಿ ಉಷ್ಣ ಹುಟ್ಟಿಸುವ ಶಕ್ತಿಯೂ ಇಲ್ಲ.

ಉಷ್ಣ ಹೋಗುವ ದಾರಿ ನಾಲ್ಕು. ಹಸಿ ಮೈಯಿಂದ ಬಾಷ್ಪೀಭವನ, ತಣ್ಣನೆ ತಕ್ಕಡಿಗೋ ಹಾಸಿಗೆಗೋ ವಹನ, ಫ್ಯಾನಿನ ಗಾಳಿಯಿಂದ ಸಂವಹನ, ಪಕ್ಕದ ತಣ್ಣನೆ ಗೋಡೆಗೆ ವಿಕಿರಣ. ಪ್ರತಿಯೊಂದಕ್ಕೂ ಮನೆಯಲ್ಲಿ ಏನು ಮಾಡಬೇಕು ಅಂತ ಮಕ್ಕಳೇ ಹೇಳಲಿ: ಹುಟ್ಟಿದ ಕೂಡಲೇ ಒರೆಸುವುದು, ಟೊಪ್ಪಿಗೆ ಹಾಕುವುದು, ಫ್ಯಾನು ಬಂದ್ ಮಾಡುವುದು. ಹುಟ್ಟಿದ ದಿನವೇ ಮೈ ತೊಳೆಯುವ ರೂಢಿ ಬಿಡಬೇಕು. ಕನಿಷ್ಠ 24 ತಾಸು ಸ್ನಾನ ಬೇಡ, ಸಣ್ಣ ಕೂಸಿಗೆ ಇನ್ನೂ ತಡ ಮಾಡಬೇಕು. ಶಿಶುವಿನ ಮೈ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಹೊರಸಿನ ಕೆಳಗೆ ಕೆಂಡದ ಶೆಗಡಿ ಇಡುವುದರಿಂದ ಬೆಚ್ಚಗಾಗುತ್ತದೆ ನಿಜ, ಆದರೆ ಹೊಗೆ ಮತ್ತು ಕಾರ್ಬನ್ ಮೊನಾಕ್ಸೈಡು ಬಲಿಯದ ಶ್ವಾಸಕೋಶಕ್ಕೆ ವಿಷ.

ಹಾಗಾದರೆ ಬೆಚ್ಚಗೆ ಇಡುವುದು ಹೇಗೆ? 1880ರ ಸುಮಾರಿಗೆ ಪ್ಯಾರಿಸಿನ ವೈದ್ಯ ಸ್ಟೆಫಾನ್ ಟಾರ್ನಿಯೆ, ಕೋಳಿಮೊಟ್ಟೆ ಮರಿ ಮಾಡುವ ಪೆಟ್ಟಿಗೆ ನೋಡಿ ಶಿಶುಗಳಿಗೂ ಅಂಥದೇ ಮಾಡಿಸಿದ. ಅದೇ ಇನ್‌ಕ್ಯುಬೇಟರ್. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಒಂದರಲ್ಲೇ ಹಲವು ಮಕ್ಕಳನ್ನು ಇಟ್ಟು ಸೋಂಕು ಹರಡುತ್ತಿತ್ತು. ವೈದ್ಯ ಎಡ್ಗರ್ ರೇ ಕೂಸನ್ನು ತಾಯಿಯ ಎದೆಗೇ ಕಟ್ಟಿಸಿದರು. ತಾಯಿಯ ಮೈ 37 ಡಿಗ್ರಿಯ ಇನ್‌ಕ್ಯುಬೇಟರ್ ಅಲ್ಲೇನು? ಕರೆಂಟು ಬೇಡ, ಹಾಲು ಪಕ್ಕದಲ್ಲೇ. ಇದಕ್ಕೆ ಕಾಂಗರೂ ತಾಯಿ ಆರೈಕೆ ಅಂತ ಹೆಸರು.

ವಿಧಾನ ಸರಳ. ಕೂಸಿಗೆ ಟೊಪ್ಪಿಗೆ, ಕಾಲುಚೀಲ, ಲಂಗೋಟಿ ಬಿಟ್ಟು ಬೇರೆ ಬಟ್ಟೆ ಇಲ್ಲ. ತಾಯಿಯ ಎದೆಯ ನಡುವೆ ನೆಟ್ಟಗೆ, ಕಪ್ಪೆಯ ಹಾಗೆ ಕಾಲು ಮಡಿಸಿ, ಮುಖ ಪಕ್ಕಕ್ಕೆ ತಿರುಗಿಸಿ, ಮೂಗು ಮುಚ್ಚದಂತೆ ನೋಡಿ ಬಟ್ಟೆಯಿಂದ ಕಟ್ಟುವುದು. ತಾಯಿ ದಣಿದಾಗ ಅಪ್ಪ, ಅಜ್ಜಿ ಯಾರಾದರೂ ಎದೆಗೆ ಇಟ್ಟುಕೊಳ್ಳಬಹುದು. ಕನಿಷ್ಠ ದಿನಕ್ಕೆ 8 ತಾಸು, ಸಾಧ್ಯವಾದರೆ ದಿನವಿಡೀ.

ಇದು ಬಡವರಿಗೆ ಬದಲಿ ಉಪಾಯ ಅಂತ ಕೆಲವರು ತಿಳಿಯುತ್ತಾರೆ. ಅಂಕಿ ಬೇರೆಯೇ ಹೇಳುತ್ತದೆ. ಭಾರತ, ಘಾನಾ, ಮಲಾವಿ, ನೈಜೀರಿಯಾ, ಟಾಂಜಾನಿಯಾದ ಐದು ಆಸ್ಪತ್ರೆಗಳಲ್ಲಿ (ಭಾರತದ್ದು ದಿಲ್ಲಿಯ ಸಫ್ದರ್‌ಜಂಗ್) 3,211 ಸಣ್ಣ ಶಿಶುಗಳ ಮೇಲೆ ಪರೀಕ್ಷೆ ನಡೆಯಿತು. ತೂಕ 1 ಕೆ.ಜಿ.ಯಿಂದ 1.8 ಕೆ.ಜಿ.ಯೊಳಗೆ. ಒಂದು ಗುಂಪಿಗೆ ಹುಟ್ಟಿದ ಕೂಡಲೇ ಕಾಂಗರೂ ಆರೈಕೆ, ಇನ್ನೊಂದಕ್ಕೆ ಸ್ಥಿತಿ ಸುಧಾರಿಸಿದ ಮೇಲೆ. 28 ದಿನದೊಳಗಿನ ಸಾವು ಮೊದಲ ಗುಂಪಿನಲ್ಲಿ 100ಕ್ಕೆ 12, ಎರಡನೆಯದರಲ್ಲಿ 15.7. ಫಲಿತಾಂಶ 2021ರಲ್ಲಿ ಬಂತು; 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಲಹೆಯನ್ನೇ ಬದಲಾಯಿಸಿತು. ಮಕ್ಕಳಿಂದ ಲೆಕ್ಕ ಮಾಡಿಸಿ: 15.7 – 12 = 3.7. ಅಂದರೆ ಸುಮಾರು 27 ಶಿಶುಗಳಿಗೆ ಹೀಗೆ ಮಾಡಿದರೆ ಒಂದು ಜೀವ ಹೆಚ್ಚು ಉಳಿಯುತ್ತದೆ.

ನಮ್ಮ ಕನ್ನಡ ನಾಡಿನ ಉದಾಹರಣೆಯೂ ಇದೆ. ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ, ಸರ್ಕಾರದ ಆರೋಗ್ಯ ವ್ಯವಸ್ಥೆಯ ಜೊತೆ ಸೇರಿ, 2 ಕೆ.ಜಿ.ಗಿಂತ ಕಡಿಮೆ ತೂಕದ ಶಿಶುಗಳಿಗೆ ಆಸ್ಪತ್ರೆಯಲ್ಲೂ ಮನೆಯಲ್ಲೂ ಈ ಆರೈಕೆ ಹೇಗೆ ತಲುಪಿಸಬಹುದು ಎಂದು ಮಾಡಿ ತೋರಿಸಿತು. ಕೊಪ್ಪಳವೂ ನಮ್ಮ ಹಾಗೆ ಬಿಸಿಲು ನಾಡು, ದೊಡ್ಡ ಶಹರಲ್ಲ. ಅಲ್ಲಿ ಆಗುವುದಾದರೆ ಇಲ್ಲಿಯೂ ಆಗುತ್ತದೆ.

4. ಚಟುವಟಿಕೆ ಮೂರು: ಸಾಬೂನಿನ ಹನಿ ಮತ್ತು ಮೊದಲ ಉಸಿರು

ತಾಟಿನಲ್ಲಿ ನೀರು ಹಾಕಿ, ಮೇಲೆ ಮೆಣಸಿನ ಪುಡಿ ಉದುರಿಸಿ. ನಡುವೆ ಒಂದು ಹನಿ ಪಾತ್ರೆ ತೊಳೆಯುವ ಸಾಬೂನು ಬಿಡಿ. ಪುಡಿ ಸರಕ್ಕನೆ ಅಂಚಿಗೆ ಓಡುತ್ತದೆ. ಸಾಬೂನು ಬಿದ್ದ ಜಾಗದಲ್ಲಿ ಮೇಲ್ಮೈ ಸೆಳೆತ ಕಡಿಮೆಯಾಯಿತು, ಅಂಚಿನ ನೀರು ತನ್ನ ಕಡೆ ಎಳೆದುಕೊಂಡಿತು.

ಈಗ ಶ್ವಾಸಕೋಶಕ್ಕೆ ಬನ್ನಿ. ಗಾಳಿಗೂಡುಗಳ ಒಳಗೋಡೆ ಹಸಿ. ಹಸಿ ಇದ್ದಲ್ಲಿ ಮೇಲ್ಮೈ ಸೆಳೆತ ಇರುತ್ತದೆ, ಅದು ಗೂಡನ್ನು ಒಳಕ್ಕೆ ಎಳೆಯುತ್ತದೆ. ಒತ್ತಡ = 2 × ಮೇಲ್ಮೈ ಸೆಳೆತ ÷ ತ್ರಿಜ್ಯ. ತ್ರಿಜ್ಯ ಅರ್ಧವಾದರೆ ಒತ್ತಡ ಇಮ್ಮಡಿ. ಹಾಗಾಗಿ ಸಣ್ಣ ಗೂಡು ಮುಚ್ಚಿಕೊಳ್ಳುತ್ತದೆ. ಹಸಿ ಪ್ಲಾಸ್ಟಿಕ್ ಚೀಲದ ಬಾಯಿ ಅಂಟಿಕೊಂಡ ಹಾಗೆ. ಇದನ್ನು ತಡೆಯಲು ಶ್ವಾಸಕೋಶವೇ ಒಂದು ಸಾಬೂನಿನಂಥ ವಸ್ತು ತಯಾರಿಸುತ್ತದೆ, ಹೆಸರು ಸರ್ಫ್ಯಾಕ್ಟಂಟ್. ಸುಮಾರು 24ನೇ ವಾರದಿಂದ ತಯಾರಿ ಶುರು. ಸಾಕಷ್ಟು ಆಗುವುದು 35ನೇ ವಾರದ ಹೊತ್ತಿಗೆ. ಮೊದಲೇ ಹುಟ್ಟಿದ ಕೂಸು ಪ್ರತಿ ಉಸಿರಿಗೂ ಮುಚ್ಚಿದ ಗೂಡನ್ನು ಮತ್ತೆ ಬಿಡಿಸಬೇಕು. ಎದೆಗೂಡು ಒಳಕ್ಕೆ ಜಗ್ಗುತ್ತದೆ, ನರಳುವ ಸದ್ದು ಬರುತ್ತದೆ, ಕೊನೆಗೆ ದಣಿದುಬಿಡುತ್ತದೆ.

ಈ ಕಾರಣ ಕಂಡುಹಿಡಿದವರು ಅಮೆರಿಕದ ವೈದ್ಯೆ ಮೇರಿ ಎಲೆನ್ ಏವರಿ, 1959ರಲ್ಲಿ. ನಾಲ್ಕು ವರ್ಷದ ನಂತರ, 1963ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮೊದಲೇ ಹುಟ್ಟಿ, ಇದೇ ಕಾಯಿಲೆಯಿಂದ ಎರಡೇ ದಿನದಲ್ಲಿ ತೀರಿಕೊಂಡ. ಜಗತ್ತಿನ ಅತಿ ಬಲಾಢ್ಯ ಮನೆಯ ಕೂಸನ್ನೂ ಆಗ ಉಳಿಸಲಾಗಲಿಲ್ಲ. 1980ರಲ್ಲಿ ಜಪಾನಿನ ಫುಜಿವಾರಾ ಶ್ವಾಸಕೋಶಕ್ಕೆ ಸರ್ಫ್ಯಾಕ್ಟಂಟನ್ನೇ ಹಾಕಿ ಮಕ್ಕಳನ್ನು ಬದುಕಿಸಿದರು. ಪ್ಯಾಟ್ರಿಕ್‌ನ ಹಾಗೆ ಎಂಟನೇ ತಿಂಗಳಲ್ಲಿ ಹುಟ್ಟಿದ ಕೂಸು ಇಂದು ಒಳ್ಳೆ ಆಸ್ಪತ್ರೆ ತಲುಪಿದರೆ ಬಹುತೇಕ ಬದುಕುತ್ತದೆ. “ಎಂಟರಾಗ ಹುಟ್ಟಿದ್ದು ಉಳಿಯಂಗಿಲ್ಲ” ಎನ್ನುವವರಿಗೆ ಇದೇ ಉತ್ತರ.

5. ಬೆಳಗಾವಿಯಿಂದ ಬಂದ ಎರಡು ಪಾಠ

ಹೆರಿಗೆಗೆ ಮೊದಲೇ ತಾಯಿಗೆ ಸ್ಟೆರಾಯ್ಡ್ ಸೂಜಿ ಕೊಟ್ಟರೆ ಕೂಸಿನ ಶ್ವಾಸಕೋಶ ಬೇಗ ಬಲಿಯುತ್ತದೆ. ನ್ಯೂಜಿಲೆಂಡಿನ ಲಿಗಿನ್ಸ್ ಮೊದಲು ಇದನ್ನು ಕಂಡದ್ದು ಕುರಿಮರಿಗಳಲ್ಲಿ. 1972ರಲ್ಲಿ ಹೋವಿ ಜೊತೆ ಸೇರಿ ಮನುಷ್ಯರಲ್ಲಿ ತೋರಿಸಿದರು. ಹಾಗಾದರೆ ಹಳ್ಳಿಹಳ್ಳಿಯಲ್ಲಿ ಈ ಸೂಜಿ ಕೊಟ್ಟುಬಿಟ್ಟರೆ ಆಗಲಿಲ್ಲವೇ?

ಅದನ್ನು ಆರು ದೇಶಗಳಲ್ಲಿ ಪರೀಕ್ಷಿಸಿದರು. ಭಾರತದಲ್ಲಿ ಬೆಳಗಾವಿ ಮತ್ತು ನಾಗಪುರ ಅದರ ಕೇಂದ್ರ. 2015ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು: ಸಣ್ಣ ಶಿಶುಗಳ ಸಾವು ಕಡಿಮೆಯಾಗಲಿಲ್ಲ, ಒಟ್ಟು ಶಿಶುಗಳಲ್ಲಿ ಸಾವು ಸ್ವಲ್ಪ ಹೆಚ್ಚೇ ಆಯಿತು. ದಿನದ ಲೆಕ್ಕ ಸರಿ ಇಲ್ಲದ ಕಡೆ ದಿನ ತುಂಬಿದವರಿಗೂ ಸೂಜಿ ಹೋಗುತ್ತದೆ. ಹುಟ್ಟಿದ ಕೂಸನ್ನು ನೋಡಿಕೊಳ್ಳುವ ವ್ಯವಸ್ಥೆಯೂ ಅಲ್ಲಿ ಕಡಿಮೆ. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಕೀನ್ಯಾ, ನೈಜೀರಿಯಾಗಳಲ್ಲಿ ಇನ್ನೊಂದು ಪರೀಕ್ಷೆ ಮಾಡಿತು. ಅದರಲ್ಲೂ ಬೆಳಗಾವಿ ಇತ್ತು. ಈ ಸಲ ಆಸ್ಪತ್ರೆಗಳಲ್ಲಿ ಮಾತ್ರ, ಸೋನೋಗ್ರಾಫಿಯಿಂದ ದಿನ ಖಚಿತ ಮಾಡಿ, 26ರಿಂದ 34 ವಾರದೊಳಗಿನ 2,852 ತಾಯಂದಿರಿಗೆ. 2020ರಲ್ಲಿ ಪ್ರಕಟವಾದ ಫಲಿತಾಂಶ: ನವಜಾತ ಶಿಶುಗಳ ಸಾವು 100ಕ್ಕೆ 23.5ರಿಂದ 19.6ಕ್ಕೆ ಇಳಿಯಿತು.

ಔಷಧ ಅದೇ ಜಾತಿಯದು, ಫಲ ಬೇರೆ. ವಿಜ್ಞಾನದ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಪಾಠ ಯಾವುದು? “ಒಳ್ಳೆ ಔಷಧ” ಎನ್ನುವುದು ಯಾರಿಗೆ, ಯಾವಾಗ, ಎಲ್ಲಿ ಎಂಬುದನ್ನು ಬಿಟ್ಟು ಇರುವುದಿಲ್ಲ. ಮೊದಲ ಚಟುವಟಿಕೆಯಲ್ಲಿ ಮಾಡಿದ ದಿನದ ಲೆಕ್ಕ ಯಾಕೆ ಬೇಕಿತ್ತು ಅಂತ ಈಗ ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ.

ಬೆಳಗಾವಿ ಮತ್ತು ನಾಗಪುರ ಇದ್ದ ಇನ್ನೊಂದು ಅಧ್ಯಯನವೂ 2020ರಲ್ಲೇ ಬಂತು. ಚೊಚ್ಚಲ ಬಸುರಿಯರು 11,976 ಮಂದಿ. ಅರ್ಧ ಜನಕ್ಕೆ ಮೊದಲ ತಿಂಗಳುಗಳಿಂದಲೇ ದಿನಕ್ಕೆ 81 ಮಿ.ಗ್ರಾಂ. ಆಸ್ಪಿರಿನ್. ಅವಧಿಪೂರ್ವ ಜನನ 100ಕ್ಕೆ 13.1ರಿಂದ 11.6ಕ್ಕೆ ಇಳಿಯಿತು. ಇದು ವೈದ್ಯರು ನೋಡಿ ಕೊಡುವ ಗುಳಿಗೆ, ಮೆಡಿಕಲ್ ಅಂಗಡಿಯಿಂದ ತಾವೇ ತರುವಂಥದ್ದಲ್ಲ ಎಂದು ಒತ್ತಿ ಹೇಳಿ.

6. ನಮ್ಮ ಕಡೆಯ ಕಾರಣಗಳು

ಅವಧಿಗೆ ಮುಂಚೆ ಹೆರಿಗೆ ಯಾಕೆ ಆಗುತ್ತದೆ? ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಆದ್ದರಿಂದ ತಾಯಿಯನ್ನು ದೂರುವುದು ಅನ್ಯಾಯ. ಗ್ರಹಣ ನೋಡಿದ್ದಕ್ಕೆ ಅಲ್ಲ, ಪಪ್ಪಾಯಿ ಮುಟ್ಟಿದ್ದಕ್ಕೆ ಅಲ್ಲ. ಗೊತ್ತಿರುವ ಕಾರಣಗಳೆಂದರೆ ಸೋಂಕು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಅವಳಿ ಗರ್ಭ, ರಕ್ತಹೀನತೆ, ಹೆರಿಗೆಗಳ ನಡುವೆ ಕಡಿಮೆ ಅಂತರ, ತೀರ ಎಳೆ ವಯಸ್ಸು, ತಂಬಾಕು.

ತಂಬಾಕು ಅಂದರೆ ಬೀಡಿ ಮಾತ್ರ ಅಲ್ಲ. ಹೆಣ್ಮಕ್ಕಳು ಹಲ್ಲಿಗೆ ಹಚ್ಚುವ ಮಿಶ್ರಿಯೂ ತಂಬಾಕೇ. 2004ರಲ್ಲಿ ಪ್ರಕಟವಾದ ಮುಂಬಯಿಯ ಅಧ್ಯಯನದಲ್ಲಿ ಹೊಗೆಯಿಲ್ಲದ ತಂಬಾಕು ಬಳಸುವ ತಾಯಂದಿರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆ, ಗರ್ಭದ ದಿನ ಸರಾಸರಿ 6 ಕಡಿಮೆ ಕಂಡುಬಂತು.

ಮೊದಲ ಚಟುವಟಿಕೆಯ ಲೆಕ್ಕವನ್ನು ಮತ್ತೆ ನೋಡಿ. ಕೊನೆಯ ಮುಟ್ಟು ಆಗಸ್ಟ್ 5. ಕಬ್ಬಿನ ಹಂಗಾಮು ನವೆಂಬರಿನಿಂದ ಮಾರ್ಚ್ ಕೊನೆತನಕ ಎಂದು ಹಿಡಿಯಿರಿ. ನವೆಂಬರ್ ಒಂದಕ್ಕೆ ಆಕೆಗೆ ಸುಮಾರು 12½ ವಾರ, ಮಾರ್ಚ್ 31ಕ್ಕೆ ಸರಿಯಾಗಿ 34 ವಾರ. ಮರಾಠವಾಡದಿಂದ ಕೊಯ್ತಾ ಹಿಡಿದು ಪಶ್ಚಿಮ ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ ಹೋಗುವ ಜೋಡಿಯಲ್ಲಿ ಆಕೆ ಇದ್ದರೆ, ತಪಾಸಣೆ ಆಗಬೇಕಾದ ತಿಂಗಳುಗಳೆಲ್ಲ ಕಬ್ಬಿನ ಫಡದಲ್ಲೇ ಕಳೆಯುತ್ತವೆ. ತಲೆಯ ಮೇಲೆ ಮೋಳಿ, ನೀರು ಕಡಿಮೆ, ನಿದ್ದೆ ಕಡಿಮೆ, ಊರಿನ ಆಶಾ ಕಾರ್ಯಕರ್ತೆ ದೂರ.

ಜೋಡಿ ಇದ್ದರೆ ಉಚಲು ಸಿಗುತ್ತದೆ ಅಂತ ಎಳೆ ಹುಡುಗಿಯರ ಮದುವೆ ಮಾಡುವುದೂ ಇದರ ಜೊತೆಗೇ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ–5ರ ಪ್ರಕಾರ ಮಹಾರಾಷ್ಟ್ರದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ 100ಕ್ಕೆ ಸುಮಾರು 22 ಮಂದಿಯ ಮದುವೆ 18 ತುಂಬುವ ಮೊದಲೇ ಆಗಿತ್ತು. ಕರ್ನಾಟಕದಲ್ಲಿ ಸುಮಾರು 21. ದೇಶದ ಬಸುರಿಯರಲ್ಲಿ 100ಕ್ಕೆ 52 ಮಂದಿಗೆ ರಕ್ತಹೀನತೆ. ಮಿತ್ರರೇ, ಈ ಅಂಕಿಯೊಳಗಿನ ಹುಡುಗಿಯರು ಎಲ್ಲಿಯವರೋ ಅಲ್ಲ. ಒಂಬತ್ತನೆಯ ಇಯತ್ತೆಯ ಹಾಜರಿ ಪುಸ್ತಕದಲ್ಲಿ ದೀಪಾವಳಿ ಆದಮೇಲೆ ಗೈರು ಬೀಳುವ ಹೆಸರುಗಳು ಅವು.

7. ನಾವು ಮಾಡಬಹುದಾದದ್ದು

– ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣದ ಗುಳಿಗೆಯನ್ನು ಊಟವಾದ ಮೇಲೆ ನಮ್ಮ ಎದುರೇ ನುಂಗಿಸುವುದು. ಇಂದಿನ ಎಂಟನೆಯ ಇಯತ್ತೆಯ ಹುಡುಗಿಯ ರಕ್ತ ನಾಳಿನ ಕೂಸಿನ ಬಂಡವಾಳ.

– ಮನೆಯವರು ಕಬ್ಬಿಗೆ ಹೊರಟರೆ ಹಂಗಾಮಿ ವಸತಿಗೃಹದ ಸೌಲಭ್ಯ ಕೇಳಿ, ಮಕ್ಕಳನ್ನು ಶಾಲೆಯಲ್ಲೇ ಉಳಿಸುವ ಪ್ರಯತ್ನ ಮಾಡುವುದು. ಮದುವೆಯ ಸುಳಿವು ಸಿಕ್ಕರೆ ಮೊದಲು ಪಾಲಕರ ಜೊತೆ ಮಾತು, ಆಗದಿದ್ದರೆ 1098.

– ತಾಯಿ-ಮಗುವಿನ ಕಾರ್ಡು ಓದಲು ಕಲಿಸುವುದು. ನಮ್ಮ ಮನೆಮಾತು ಕನ್ನಡ, ದವಾಖಾನೆಯ ಕಾಗದ ಮರಾಠಿ. ನಮ್ಮ ಮಕ್ಕಳಿಗೆ ಎರಡೂ ಬರುತ್ತದೆ. ವಹಿನಿಯ ಕಾರ್ಡು ಓದಿ ಅವ್ವನಿಗೆ ಕನ್ನಡದಲ್ಲಿ ಹೇಳುವವರು ಅವರೇ.

– ಅಪಾಯದ ಗುರುತು ಬಾಯಿಪಾಠ ಮಾಡಿಸುವುದು: 37 ವಾರಕ್ಕೆ ಮೊದಲು ಬಿಟ್ಟುಬಿಟ್ಟು ಬರುವ ಹೊಟ್ಟೆನೋವು, ಸೊಂಟದ ಸೆಳೆತ, ನೀರು ಹೋಗುವುದು, ರಕ್ತ ಕಾಣುವುದು, ಜ್ವರ. ಕೂಡಲೇ 108. ಹೆರಿಗೆಗೆ ಮೊದಲೇ ದೊಡ್ಡ ಆಸ್ಪತ್ರೆ ತಲುಪುವುದು ಉತ್ತಮ. ಕೂಸಿಗೆ ತಾಯಿಯ ಹೊಟ್ಟೆಗಿಂತ ಒಳ್ಳೆ ಆಂಬುಲೆನ್ಸ್ ಇಲ್ಲ. ದಾರಿಯಲ್ಲೇ ಹೆರಿಗೆ ಆದರೆ ಒರೆಸಿ, ಎದೆಗೆ ಹಚ್ಚಿ, ಹೊದಿಸಿಕೊಂಡೇ ಹೋಗಬೇಕು.

– ಗುಟ್ಟಿ, ಜೇನು, ಸಕ್ಕರೆ ನೀರು ಬೇಡ ಎಂದು ಹೇಳುವುದು. ಚೀಪಿ, ನುಂಗಿ, ಉಸಿರಾಡುವ ಮೂರನ್ನೂ ಹೊಂದಿಸಲು ಕೂಸಿಗೆ ಬರುವುದು ಸುಮಾರು 34ನೇ ವಾರಕ್ಕೆ. ಅಲ್ಲಿತನಕ ಹಿಂಡಿದ ತಾಯಿ ಹಾಲು, ದವಾಖಾನೆಯವರು ತೋರಿಸಿದ ರೀತಿಯಲ್ಲಿ.

ಊರಿನ ಸಾಮಾನ್ಯ ಹೆಣ್ಣುಮಗಳು ಇಷ್ಟೆಲ್ಲ ಕಲಿಯಬಲ್ಲಳೇ ಅಂತ ಯಾರಾದರೂ ಕೇಳಿದರೆ ನಮ್ಮ ರಾಜ್ಯದ ಗಡಚಿರೋಲಿ ತೋರಿಸಿ. ಡಾ. ಅಭಯ ಬಂಗ ಮತ್ತು ಡಾ. ರಾಣಿ ಬಂಗ ಅವರ ‘ಸರ್ಚ್’ ಸಂಸ್ಥೆ 39 ಹಳ್ಳಿಗಳಲ್ಲಿ ಸ್ಥಳೀಯ ಮಹಿಳೆಯರಿಗೆ ನವಜಾತ ಶಿಶುವಿನ ಆರೈಕೆ ಕಲಿಸಿತು. 1999ರಲ್ಲಿ ಪ್ರಕಟವಾದ ಫಲಿತಾಂಶದಂತೆ ನವಜಾತ ಶಿಶುಗಳ ಸಾವು 62 ಪ್ರತಿಶತ ಕಡಿಮೆಯಾಯಿತು. 2011ರಿಂದ ಆಶಾ ಕಾರ್ಯಕರ್ತೆಯರು ದೇಶದಾದ್ಯಂತ ಮನೆಗೆ ಬಂದು ಕೂಸನ್ನು ನೋಡುವ ಯೋಜನೆಯ ಬೇರು ಅಲ್ಲಿದೆ. ಆಕೆ ಬಂದಾಗ “ಕೂಸು ಮಲಗ್ಯದ, ನಾಳಿ ಬರ್ರಿ” ಅಂತ ಕಳಿಸಬಾರದು. ತೂಕ ಮಾಡಿಸಬೇಕು, ಮೈ ಮುಟ್ಟಿ ತೋರಿಸಬೇಕು.

ವಿದ್ಯಾರ್ಥಿಗಳಿಗೆ ಪ್ರಶ್ನೆಗಳು

1. ಕೊನೆಯ ಮುಟ್ಟು ಜೂನ್ 10. ಹೆರಿಗೆಯ ಅಂದಾಜು ದಿನ ಯಾವುದು?
2. 3 ಸೆಂ.ಮೀ. ಬದಿಯ ಘನದಲ್ಲಿ ಮೇಲ್ಮೈ ಮತ್ತು ಗಾತ್ರದ ಪ್ರಮಾಣ ಎಷ್ಟು? 1 ಸೆಂ.ಮೀ. ಘನಕ್ಕೆ ಹೋಲಿಸಿ.
3. 2015 ಮತ್ತು 2020ರ ಸ್ಟೆರಾಯ್ಡ್ ಪರೀಕ್ಷೆಗಳ ನಡುವೆ ಏನೇನು ಬೇರೆ ಇತ್ತು? ಎರಡು ಅಂಶ ಬರೆಯಿರಿ.
4. “ಎಂಟರಾಗ ಹುಟ್ಟಿದ್ದು ಉಳಿಯಂಗಿಲ್ಲ” ಎನ್ನುವ ಅಜ್ಜಿಗೆ ನೊಂದುಕೊಳ್ಳದ ಹಾಗೆ ಹೇಗೆ ತಿಳಿಸಿ ಹೇಳುವಿರಿ? ಐದು ವಾಕ್ಯದಲ್ಲಿ ಬರೆಯಿರಿ.

(ಉತ್ತರ: 1. ಮಾರ್ಚ್ 17. 2. 54 ÷ 27 = 2; 1 ಸೆಂ.ಮೀ. ಘನದ್ದು 6, ಮೂರು ಪಟ್ಟು.)

ನವೆಂಬರ್ 17 ವಿಶ್ವ ಅವಧಿಪೂರ್ವ ಜನನ ದಿನ. ಕಬ್ಬಿನ ಗಾಡಿಗಳು ಹೊರಡುವ ಕಾಲವೂ ಅದೇ. ಆ ವಾರ ಈ ಪಾಠ ತೆಗೆದುಕೊಳ್ಳಿ, ಸಾಧ್ಯವಾದರೆ ಪಾಲಕರ ಸಭೆಯಲ್ಲಿ ಆಲೂಗಡ್ಡೆಯ ಪ್ರಯೋಗ ಮಕ್ಕಳಿಂದಲೇ ಮಾಡಿಸಿ. ನಾಲ್ಕನೇ ಪ್ರಶ್ನೆಗೆ ಬಂದ ಒಳ್ಳೆ ಉತ್ತರಗಳನ್ನೂ, ಆಲೂಗಡ್ಡೆಯ ಅಂಕಿಗಳನ್ನೂ ನಮ್ಮ ಪತ್ರಿಕೆಗೆ ಕಳಿಸ್ರಿ. ಬೇರೆ ಬೇರೆ ಶಾಲೆಗಳ ನಕ್ಷೆ ಪಕ್ಕಪಕ್ಕ ಇಟ್ಟು ನೋಡೋಣ.